ಎಳೆಯ ಮಗುವಿನೊಡನೆ ಮೃಗಾಲಯಕ್ಕೆ: ಬಿಸಿಲ ದಿನದ ಎಚ್ಚರಿಕೆಗಳು

ಬೇಸಿಗೆಯ ರಜೆಯಲ್ಲಿ ಮೈಸೂರಿಗೆ ಹೋಗುವ ನಮ್ಮ ನಾಡಿನ ಕುಟುಂಬಗಳು ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ನೋಡದೆ ಹಿಂದಿರುಗುವುದು ಅಪರೂಪ. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದ ಈ ಮೃಗಾಲಯಕ್ಕೆ ಅಜ್ಜನ ಕೈಹಿಡಿದು ಹೋದವರು ಇಂದು ತಾವೇ ಅಜ್ಜಂದಿರಾಗಿ ಮೊಮ್ಮಕ್ಕಳನ್ನು ಕರೆದೊಯ್ಯುತ್ತಿದ್ದಾರೆ. ಆನೆಯನ್ನು ಮೊದಲ ಬಾರಿಗೆ ಕಂಡ ಮಗುವಿನ ಕಣ್ಣರಳುವುದನ್ನು ನೋಡುವುದೇ ಹಿರಿಯರಿಗೊಂದು ಹಬ್ಬ. ಆದರೆ ಒಂದರಿಂದ ಮೂರು ವರ್ಷದ ಮಗುವಿಗೆ ಆ ದಿನ ಬಿಸಿಲು, ಧೂಳು, ಜನಸಂದಣಿ, ತಪ್ಪಿದ ನಿದ್ರೆಗಳ ದಿನವೂ ಹೌದು. ಇದನ್ನು ನಾವು ಕಲಿತದ್ದು ನಮ್ಮದೇ ಅಜಾಗರೂಕತೆಯಿಂದ.

ಕಳೆದ ಏಪ್ರಿಲ್ ತಿಂಗಳಲ್ಲಿ ನಮ್ಮ ಎರಡು ವರ್ಷದ ಮೊಮ್ಮಗನನ್ನು ಕರೆದುಕೊಂಡು ಮನೆಮಂದಿಯೆಲ್ಲ ಹೊರಟೆವು. ದಾರಿಯಲ್ಲಿ ಬಂಧುಗಳ ಮನೆಯ ಉಪಾಹಾರ ಮುಗಿಸಿ ಒಳಹೊಕ್ಕಾಗ ಹನ್ನೊಂದು ಗಂಟೆ. ಮೊದಲ ಒಂದು ಗಂಟೆ ಮಗು ಕುಣಿದಾಡಿತು. ಅನಂತರ ಹೆಗಲ ಮೇಲೆ ತಲೆಯಿಟ್ಟು ಸುಮ್ಮನಾಯಿತು. ಹಠವಿಲ್ಲ, ಅಳುವಿಲ್ಲ. ‘ಎಷ್ಟು ಜಾಣಮರಿ’ ಎಂದು ನಾವೆಲ್ಲ ಹೊಗಳುತ್ತ ಹುಲಿಯ ಕಡೆಗೆ ನಡೆದೆವು. ಒಂದು ಗಂಟೆಯ ಹೊತ್ತಿಗೆ ನಮ್ಮ ಮನೆಯವರು, “ಬೆಳಗ್ಗೆ ಆರೂವರೆಯ ಮೇಲೆ ಕೂಸು ಒಮ್ಮೆಯೂ ಮೂತ್ರ ಮಾಡಿಲ್ಲವಲ್ಲ, ನೋಡಿದಿರಾ?” ಎಂದರು. ನೋಡಿದರೆ ತುಟಿ ಒಣಗಿತ್ತು. ಎಬ್ಬಿಸಿದಾಗ ಅತ್ತರೂ ಕಣ್ಣೀರು ಬರಲಿಲ್ಲ. ನೀರಿನ ತಂಬಿಗೆ ನಮ್ಮ ಕೈಯಲ್ಲಿಯೇ ಇತ್ತು. ದೊಡ್ಡವರೆಲ್ಲ ಕುಡಿದಿದ್ದೆವು, ಮಗು ಕೇಳಲಿಲ್ಲವೆಂದು ಮಗುವಿಗೆ ಕೊಟ್ಟಿರಲಿಲ್ಲ.

ಮಗುವಿನ ದೇಹಕ್ಕೆ ಸೆಕೆ ಬೇಗ ತಾಗುವುದೇಕೆ?

ಎಳೆಯರ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಸುತ್ತಲಿನ ಬಿಸಿಯನ್ನು ಅವರ ದೇಹ ಬೇಗ ಹೀರಿಕೊಳ್ಳುತ್ತದೆ. ಬೆವರಿ ತಂಪಾಗುವ ಶಕ್ತಿಯೂ ಅವರಲ್ಲಿ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಆಟದಲ್ಲಿ ಮೈಮರೆತ ಮಗುವಿಗೆ ಬಾಯಾರಿಕೆಯನ್ನು ಗುರುತಿಸಿ ಹೇಳಲು ಬಾರದು. ಕೇಳಿದಾಗ ಕೊಡೋಣವೆಂಬ ನಿಯಮ ಇಲ್ಲಿ ಸಲ್ಲದು. ಇಪ್ಪತ್ತು ಮೂವತ್ತು ನಿಮಿಷಗಳಿಗೊಮ್ಮೆ ನಾವೇ ನಾಲ್ಕಾರು ಗುಟುಕು ಕುಡಿಸಬೇಕು. ಎದೆಹಾಲು ಕುಡಿಯುವ ಮಗುವಿಗೆ ಅಂದು ಹೆಚ್ಚು ಬಾರಿ ಹಾಲೂಡಿಸಬೇಕು. ತಳ್ಳುಗಾಡಿಯ ಮೇಲೆ ನೆರಳಿಗೆಂದು ದಪ್ಪ ಬಟ್ಟೆ ಹೊದಿಸಿದರೆ ಒಳಗೆ ಗಾಳಿಯಾಡದೆ ಸೆಕೆ ಹೆಚ್ಚುತ್ತದೆ. ಅಗಲ ಅಂಚಿನ ಟೋಪಿ, ಸಡಿಲವಾದ ಹತ್ತಿಯ ಉಡುಪು ಲೇಸು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಕ್ಷಣಹೊತ್ತೂ ಒಂಟಿಯಾಗಿ ಬಿಡಬಾರದು.

ನೀರು ಕಡಿಮೆಯಾದಾಗ

ಆರು ಗಂಟೆ ಮೂತ್ರವಿಲ್ಲದಿರುವುದು, ಒಣಗಿದ ಬಾಯಿ, ಕಣ್ಣೀರಿಲ್ಲದ ಅಳು, ಗುಳಿಬಿದ್ದ ಕಣ್ಣು, ಹಿಂದಿಲ್ಲದ ಮಂಕು ಇವು ನಿರ್ಜಲೀಕರಣದ ಲಕ್ಷಣಗಳು. ಅಂದು ನಾವು ಮಗುವನ್ನು ಮರದ ನೆರಳಿನಲ್ಲಿ ಕೂರಿಸಿ, ಮೇಲಂಗಿ ತೆಗೆದು, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಬೀಸಿದೆವು. ಸೊಸೆಯ ಚೀಲದಲ್ಲಿದ್ದ ಓಆರ್‌ಎಸ್ ಪುಡಿಯನ್ನು ಕಲಸಿ, ನಿಮಿಷಕ್ಕೊಂದು ಚಹದ ಚಮಚದಂತೆ ಕುಡಿಸಿದೆವು. ಈ ಪುಡಿಯಲ್ಲಿರುವ ಗ್ಲೂಕೋಸು ಕರುಳಿನಲ್ಲಿ ಉಪ್ಪನ್ನೂ ಅದರೊಡನೆ ನೀರನ್ನೂ ರಕ್ತಕ್ಕೆ ಸೇರಿಸುತ್ತದೆ. ಬರಿಯ ಸಕ್ಕರೆಪಾನೀಯ ಈ ಕೆಲಸ ಮಾಡದು. ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟೇ ಶುದ್ಧ ನೀರಿನಲ್ಲಿ ಇಡೀ ಪುಡಿಯನ್ನು ಕರಗಿಸಬೇಕು. ಕಲಸಿದ್ದನ್ನು 24 ಗಂಟೆಗಳೊಳಗೆ ಬಳಸಿ, ಉಳಿದುದನ್ನು ಚೆಲ್ಲಬೇಕು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಕಾದು ಇನ್ನೂ ನಿಧಾನವಾಗಿ ಮುಂದುವರಿಸಬೇಕು.

ಆದರೆ ಮಗು ಎಚ್ಚರಗೊಳ್ಳದಿದ್ದರೆ, ಕುಡಿಯಲಾರದಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮೈ ಕಾದು ಸೆಳೆತ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ಹನಿ ನೀರನ್ನೂ ಹಾಕಬಾರದು.

ಬುತ್ತಿ, ಕೈ, ಕೋತಿ

ಮೊಸರನ್ನ ಬಿಸಿಲಿಗೆ ಬೇಗ ಹುಳಿಯುತ್ತದೆ. ನಮ್ಮ ಅಜ್ಜಿಯಂದಿರು ಪ್ರಯಾಣದ ಬುತ್ತಿಗೆ ಅನ್ನಕ್ಕೆ ಕಾಯಿಸಿದ ಹಾಲು ಬೆರೆಸಿ ಒಂದಿಷ್ಟೇ ಮೊಸರು ಹಾಕುತ್ತಿದ್ದುದು ಇದಕ್ಕಾಗಿಯೇ. ಆದರೂ ಅದನ್ನು ಬೇಗನೆ ಉಣಿಸಿ ಮುಗಿಸಬೇಕು. ಇಡ್ಲಿ, ಬಾಳೆಹಣ್ಣು ಸುಲಭ. ನಾಲ್ಕೈದು ವರ್ಷದವರೆಗೆ ಇಡೀ ಕಡಲೆಕಾಯಿ ಬೀಜ, ಪಾಪ್‌ಕಾರ್ನ್, ಇಡೀ ದ್ರಾಕ್ಷಿಗಳನ್ನು ಕೊಡಬಾರದು. ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ನಡೆಯುತ್ತ ಓಡುತ್ತ ತಿನ್ನಿಸದೆ, ಕೂರಿಸಿ ತಿನ್ನಿಸಬೇಕು.

ಕಂಬಿಗಳನ್ನು ಹಿಡಿದ ಕೈ ನೇರವಾಗಿ ಬಾಯಿಗೆ ಹೋಗುವ ವಯಸ್ಸಿದು. ಉಣ್ಣುವ ಮುನ್ನ ಸೋಪಿನಿಂದ ಉಜ್ಜಿ ತೊಳೆಯಬೇಕು. ಧೂಳು ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ಹಾದಿಯಲ್ಲಿ ಓಡಾಡುವ ಕೋತಿಗೆ ಮಗುವಿನ ಕೈಯಿಂದ ತಿನಿಸು ಕೊಡಿಸುವುದು ತಮಾಷೆಯಲ್ಲ. ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅರಿಸಿನ ಸುಣ್ಣಗಳನ್ನು ಮೆತ್ತದೆ, ಅಂದೇ ರೇಬೀಸ್ ಲಸಿಕೆಗಾಗಿ ವೈದ್ಯರ ಬಳಿ ಹೋಗಬೇಕು.

ಮುಕ್ಕಾಲು ಗಂಟೆಯ ಮೇಲೆ ನಮ್ಮ ಮೊಮ್ಮಗ ಎದ್ದು ಕುಳಿತು, “ಆನೆ ಎಲ್ಲಿ ತಾತ?” ಎಂದಾಗ ನಮಗೆ ಹೋದ ಜೀವ ಬಂದಂತಾಯಿತು. ಹೊರಡುವ ಮುನ್ನ ಮೂತ್ರವೂ ಆಯಿತು. ಹುಲಿಯನ್ನು ನೋಡದೆಯೇ ಮರಳಿದೆವು.

ಈ ಡಿಸೆಂಬರಿನಲ್ಲಿ ಮತ್ತೆ ಹೋದೆವು. ಮೃಗಾಲಯ ಮಂಗಳವಾರ ಮುಚ್ಚಿರುವುದರಿಂದ ಬುಧವಾರವನ್ನು ಆರಿಸಿ, ಬೆಳಗ್ಗೆ 8.30ಕ್ಕೆ ಬಾಗಿಲು ತೆರೆಯುತ್ತಲೇ ಒಳಹೊಕ್ಕು, ಹನ್ನೊಂದಕ್ಕೆ ಮುಂಚೆ ಹೊರಬಂದೆವು. ಕಂಡದ್ದು ಆನೆ, ಜಿರಾಫೆ, ಹುಲಿ ಮಾತ್ರ. ಎಲ್ಲವನ್ನೂ ಒಂದೇ ದಿನ ತೋರಿಸಿಬಿಡಬೇಕೆಂಬ ಆಸೆ ದೊಡ್ಡವರದು. ಮಗುವಿಗೆ ಮೂರು ಪ್ರಾಣಿಗಳೇ ಸಾಕಾದವು. ಮಗು ಹಠ ಮಾಡಿದಾಗ ಬೇಸರಿಸುವ ನಾವು, ಬಿಸಿಲಿನಲ್ಲಿ ಅದು ತೀರ ಸುಮ್ಮನಾದಾಗ ಎಚ್ಚರಗೊಳ್ಳುವುದನ್ನು ಕಲಿಯೋಣ.