ಧನುರ್ಮಾಸದಲ್ಲಿ ಮನೆ ನೋಡಿ

ದೀಪಾವಳಿಗೆ ಬಳಿದ ಬಣ್ಣ ಎಳ್ಳಮವಾಸ್ಯೆ ಹೊತ್ತಿಗೆ ನಿಜ ನುಡಿಯತೊಡಗುತ್ತದೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮಳೆ ಜೋರು ಹಿಡಿಯುವುದು ಸೆಪ್ಟೆಂಬರಿನಲ್ಲಿ. ಗೋಡೆ ಕುಡಿದ ನೀರು ಆರುವ ಮೊದಲೇ ಹಬ್ಬ ಬರುತ್ತದೆ, ಬಣ್ಣ ಹತ್ತುತ್ತದೆ. ಒಣ ಚಳಿ ಬಿತ್ತೆಂದರೆ ಒಳಗಿನ ಹಸಿ ಹೊರಬಂದು ನೆಲದಿಂದ ಎರಡು ಮೂರಡಿ ಎತ್ತರಕ್ಕೆ ಬಣ್ಣ ಗುಳ್ಳೆ ಏಳುತ್ತದೆ. ಉಗುರು ತಾಗಿಸಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತದೆ. ಅದಕ್ಕೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಮನೆ ಹುಡುಕುವವರಿಗೆ ನನ್ನದು ಒಂದೇ ಮಾತು: ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ತಿರುಗಿ.

ದರದ ದೃಷ್ಟಿಯಿಂದಲೂ ಅದು ಒಳ್ಳೆಯ ಕಾಲ. ಧನುರ್ಮಾಸದಲ್ಲಿ ಗೃಹಪ್ರವೇಶ, ಖರೀದಿ ಬೇಡ ಅನ್ನುವವರೇ ಹೆಚ್ಚು. ತೊಗರಿ ರಾಶಿ ಇನ್ನೂ ಮುಗಿದಿರುವುದಿಲ್ಲ, ಕಬ್ಬಿನ ಬಿಲ್ಲಿಗೆ ಎಲ್ಲರೂ ಕಾಯುತ್ತಿರುತ್ತಾರೆ. ಮಾರುವವರ ಮಾತು ಮೆತ್ತಗಿರುತ್ತದೆ. ಸಿದ್ಧೇಶ್ವರ ಜಾತ್ರೆ ಮುಗಿದು ಕೈಗೆ ದುಡ್ಡು ಬಂದ ಮೇಲೆ ಅದೇ ಮನೆಗೆ ನಾಲ್ಕು ಜನ ಗಂಟು ಬೀಳುತ್ತಾರೆ.

ಬಾಗೇವಾಡಿಯಲ್ಲಿ ಮನೆ ನೋಡಲು ಹೋದಾಗ ಒಂದು ದಿನದ ಪಗಾರ ಕೊಟ್ಟು ಪರಿಚಯದ ಗೌಂಡಿಯನ್ನು ಜೊತೆಗೆ ಕರೆದೊಯ್ದಿದ್ದೆ. ಮಾಲೀಕರು ನನಗೆ ಟೈಲ್ಸ್, ಅಡುಗೆಮನೆ ಕಪಾಟು ತೋರಿಸುತ್ತಿದ್ದರೆ ಈತ ಹಿಂದಿನ ಕೋಣೆಯ ಕಿಟಕಿ ಬಳಿ ನಿಂತಿದ್ದ. ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಮೇಲೇರಿದ ಬಿರುಕು; ಹತ್ತು ರೂಪಾಯಿ ನಾಣ್ಯ ಸಲೀಸಾಗಿ ಒಳಗೆ ಹೋಯಿತು. ಹೊರಗೆ ಬಂದ ಮೇಲೆ ಹೇಳಿದ: "ಸರ, ಇದು ಬರೇ ಪ್ಲಾಸ್ಟರ್ ಸೀಳಿದ್ದಲ್ರಿ. ತಳಗ ಎರಿ ಭೂಮಿ ಅದ. ಬ್ಯಾಸಗಿಗೆ ಇನ್ನಾ ಬಾಯಿ ತೆರೀತದ ನೋಡ್ರಿ."

ಎರೆ ಮಣ್ಣು ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾಯ ಗಟ್ಟಿ ನೆಲ ಮುಟ್ಟದೆ ಆ ಮಣ್ಣಿನಲ್ಲೇ ನಿಂತಿದ್ದರೆ ವರ್ಷಕ್ಕೊಮ್ಮೆ ಮನೆ ಎದ್ದು ಕೂರುತ್ತದೆ. ಮಳೆಗಾಲದಲ್ಲಿ ಮುಚ್ಚಿಕೊಂಡ ಬಿರುಕು ಚಳಿಗಾಲದಲ್ಲಿ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ಕೂದಲೆಳೆಯಂಥ ಗೀರುಗಳಿಗೆ ಹೆದರಬೇಕಿಲ್ಲ. ಓರೆ ಬಿರುಕಿದ್ದ ಆ ಮನೆಯ ಬಗ್ಗೆ ನಾವು ದರದ ಮಾತೇ ತೆಗೆಯದೆ ಚಹಾ ಕುಡಿದು ಎದ್ದೆವು. ಛಾವಣಿ ಸೋರಿದರೆ ರಿಪೇರಿಗೆ ಇಷ್ಟು ಅಂತ ಲೆಕ್ಕ ಹಾಕಬಹುದು. ಪಾಯದ ಖರ್ಚು ಎಲ್ಲಿಗೆ ನಿಲ್ಲುತ್ತದೆಂದು ಗೌಂಡಿಯೂ ಹೇಳಲಾರ. ಮುಂದೆ ಕೊಂಡ ಮನೆಯಲ್ಲಿ ಛಾವಣಿಗೆ ನೀರು ತಡೆಯುವ ಲೇಪ, ಟಾಕಿಯ ಸೋರಿಕೆ, ಬಚ್ಚಲ ಪೈಪು ಎಂದು ಆತ ಬರೆದುಕೊಟ್ಟ ಚೀಟಿಯನ್ನೇ ಮಾಲೀಕರ ಮುಂದಿಟ್ಟೆ. ಅರ್ಧ ಖರ್ಚನ್ನು ದರದಲ್ಲಿ ಮುರಿದುಕೊಳ್ಳಲು ಒಪ್ಪಿದರು. ಆ ಕೆಲಸಗಳನ್ನು ಚಳಿಗಾಲದಲ್ಲೇ ಮುಗಿಸಿದೆವು. ಬೇಸಿಗೆಯ ಬಿಸಿಲಿಗೆ ಸಿಮೆಂಟು ಬೇಗ ಆರಿ ಸೀಳುತ್ತದೆ, ನೀರುಣಿಸಲು ನೀರೂ ಇರುವುದಿಲ್ಲ.

ಸಿಂದಗಿ ಕಡೆಯ ಹಳ್ಳಿಯಲ್ಲಿ ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆ ಇನ್ನೂ ಇದೆ. ಚಳಿಗೆ ಬೆಚ್ಚಗೆ, ಬಿಸಿಲಿಗೆ ತಂಪು, ನಿಜ. ಆದರೆ ಸೋರಿದಾಗಲೆಲ್ಲ ಮೇಲೆ ಹೊಸ ಮಣ್ಣು ಹಾಕುತ್ತಾ ಹೋದರೆ ತೊಲೆಗಳ ಮೇಲೆ ಭಾರ ಏರುತ್ತಲೇ ಹೋಗುತ್ತದೆ. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಇಂಥ ಭಾರದ ಮಾಳಿಗೆಗಳೂ ಕಲ್ಲು-ಮಣ್ಣಿನ ಗೋಡೆಗಳೂ ಮಲಗಿದ್ದವರ ಮೇಲೆ ಬಿದ್ದವು. ನಮ್ಮ ಜಿಲ್ಲೆಯಲ್ಲೂ ಈಚಿನ ವರ್ಷಗಳಲ್ಲಿ ನೆಲ ಸಣ್ಣಗೆ ಅಲುಗಿದ್ದುಂಟು. ನಾವು ಹಳೆಯ ಮಣ್ಣಿನ ಪದರ ಇಳಿಸಿ, ಗೆದ್ದಲು ತಿಂದ ತೊಲೆ ಬದಲಿಸಿ, ಆಮೇಲೆ ತೆಳುವಾಗಿ ಹಾಕಿಸಿದೆವು.

ಇನ್ನು ಕಾಗದಪತ್ರ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ಕಾಲುವೆಗಳು ಹಾಯುತ್ತವೆ. ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆಯೂ ಇದೆ. ಊರಂಚಿನ ಪ್ಲಾಟು ಕೊಳ್ಳುವವರು ಅದರ ಸರ್ವೆ ನಂಬರು ಭೂಸ್ವಾಧೀನದ ಅಧಿಸೂಚನೆಯಲ್ಲಿದೆಯೇ ಎಂದು ನೋಡಲೇಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದಲ್ಲಿ ಇ-ಖಾತೆ, ಜೊತೆಗೆ ಋಣಭಾರ ಪತ್ರ ಕೈಗೆ ಬರುವ ತನಕ ಮಾತು ಮುಗಿಸಬೇಡಿ.

2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ಪಟ್ಟಣದಲ್ಲಿ ಒಟ್ಟು ಶೇ 7.6. ಅಂದರೆ 20 ಲಕ್ಷದ ಮನೆಗೆ 1,52,000 ರೂಪಾಯಿ. ಮಾರ್ಗಸೂಚಿ ದರ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. ಗೌಂಡಿಯ ಚೀಟಿಯ ಮೊತ್ತವನ್ನೂ ಇದಕ್ಕೆ ಕೂಡಿಸಿ. ಆಗ ತಿಳಿಯುವುದು ಮನೆಯ ನಿಜವಾದ ದರ.

ಸಂಚಕಾರವನ್ನು ಚೆಕ್ ಇಲ್ಲವೇ ಬ್ಯಾಂಕ್ ಮೂಲಕವೇ ಕೊಡಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆದರೆ ಆದಾಯ ತೆರಿಗೆ ಕಾಯ್ದೆ ಪ್ರಕಾರ ಪಡೆದವರಿಗೆ ಅಷ್ಟೇ ದಂಡ ಬೀಳಬಹುದು. ಇದನ್ನು ಮಾರುವವರಿಗೂ ಬಿಡಿಸಿ ಹೇಳಿ. ಖರೀದಿ ಪತ್ರ ಸಂಕ್ರಾಂತಿ ನಂತರವೇ ಆಗಲಿ ಎಂದು ಅವರ ಮನೆಯ ಹಿರಿಯರು ಪಟ್ಟು ಹಿಡಿದರೆ ಧಾರಾಳವಾಗಿ ಒಪ್ಪಿಕೊಳ್ಳಿ. ದರವನ್ನು ಮಾತ್ರ ಧನುರ್ಮಾಸದಲ್ಲೇ ಕರಾರಿನಲ್ಲಿ ಬರೆಸಿಡಿ.