ಬಸುರಿನ ವಾಂತಿ ಮಿತಿಮೀರಿದಾಗ: ತಡೆದುಕೊಳ್ಳುವ ಬದಲು ಮಾಡಬೇಕಾದ್ದು

ಬಸುರಿಯರಲ್ಲಿ ಹತ್ತಕ್ಕೆ ಏಳೆಂಟು ಮಂದಿಗೆ ಮೊದಲ ತಿಂಗಳುಗಳಲ್ಲಿ ಹೊಟ್ಟೆ ತೊಳಸುತ್ತದೆ. ಹೆಚ್ಚಿನವರು ಒಂದೆರಡು ರಸ್ಕು, ನಿಂಬೆಹಣ್ಣಿನ ವಾಸನೆ, ಮಧ್ಯಾಹ್ನದ ಸಣ್ಣ ನಿದ್ದೆ ಇಷ್ಟರಲ್ಲೇ ಆ ದಿನಗಳನ್ನು ದಾಟಿಬಿಡುತ್ತಾರೆ. ಈ ಸೂತ್ರಗಳು ಅವರಿಗಲ್ಲ. ಕುಡಿದ ನೀರೂ ವಾಪಸು ಬರುವ, ಪಕ್ಕದ ಮನೆಯ ಒಗ್ಗರಣೆಗೇ ಬಚ್ಚಲಿಗೆ ಓಡಬೇಕಾದ, ಕೆಲವೇ ವಾರಗಳಲ್ಲಿ ರವಿಕೆ ಸಡಿಲವಾದ, ಅದರ ಮೇಲೆ "ನಾವೇನು ಹೆತ್ತಿಲ್ಲವೇ?" ಎಂಬ ಮಾತನ್ನೂ ಕೇಳಿಸಿಕೊಳ್ಳುತ್ತಿರುವ ಹೆಂಗಸಿಗಾಗಿ ಇವು. ಇಂಥವರು ನೂರಕ್ಕೆ ಒಬ್ಬಿಬ್ಬರು, ಹೆಚ್ಚೆಂದರೆ ಮೂವರು. ವೈದ್ಯರು ಇದನ್ನು ಹೈಪರ್‌ಎಮೆಸಿಸ್ ಗ್ರಾವಿಡಾರಮ್ ಎನ್ನುತ್ತಾರೆ. ಮನೆಯವರು ಮಾತ್ರ ಇನ್ನೂ "ಸ್ವಲ್ಪ ತಡ್ಕೋ" ಎನ್ನುತ್ತಾರೆ.

1. ಇದು ಮನಸ್ಸಿನ ಆಟವಲ್ಲ, ಮೊದಲು ಇದನ್ನು ನಂಬಿ

ಕಳೆದ ಶತಮಾನದ ವೈದ್ಯರಲ್ಲೂ ಕೆಲವರು, ಹೆಂಗಸಿಗೆ ಒಳಗೊಳಗೇ ಮಗು ಬೇಡವಾಗಿದೆ, ಅದಕ್ಕೇ ವಾಂತಿ ಎಂದು ಬರೆದದ್ದುಂಟು. ಈಗ ಅಂಥ ಮಾತಿಗೆ ಜಾಗವಿಲ್ಲ. ಜಿಡಿಎಫ್-15 ಎಂಬ ಹಾರ್ಮೋನು ಬೆಳೆಯುತ್ತಿರುವ ಗರ್ಭ ಮತ್ತು ಮಾಸುವಿನಿಂದ ತಾಯಿಯ ರಕ್ತಕ್ಕೆ ಸೇರಿ, ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರವನ್ನು ಕೆಣಕುತ್ತದೆ. ಬಸುರಾಗುವ ಮುಂಚೆ ಯಾರ ರಕ್ತದಲ್ಲಿ ಅದು ಕಡಿಮೆ ಇತ್ತೋ ಅವರಿಗೆ ಏಟು ಜೋರು. 2023ರ ಕೊನೆಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಅದರ ಹಿಂದಿದ್ದವರಲ್ಲಿ ಒಬ್ಬರಾದ ಅಮೆರಿಕದ ಮಾರ್ಲೀನಾ ಫೇಜೋ, 1999ರಲ್ಲಿ ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದು ಗರ್ಭ ಕಳೆದುಕೊಂಡವರು. ಥಲಸೀಮಿಯಾ ಇರುವ ಹೆಂಗಸರ ರಕ್ತದಲ್ಲಿ ಈ ಹಾರ್ಮೋನು ಮೊದಲಿನಿಂದಲೇ ಹೆಚ್ಚಿರುತ್ತದೆ, ಬಸುರಿನಲ್ಲಿ ಅವರಿಗೆ ವಾಂತಿ ಬಲು ಕಡಿಮೆ. ಇಷ್ಟು ಸಾಕ್ಷಿ ಸಾಕು. ಡೆಂಗಿ ಬಂದವಳಿಗೆ ಮನಸ್ಸು ಗಟ್ಟಿ ಮಾಡಿಕೋ ಎಂದು ಯಾರೂ ಹೇಳುವುದಿಲ್ಲ, ಇವಳಿಗೂ ಹೇಳಬೇಕಾಗಿಲ್ಲ.

2. "ತುಂಬಾ ವಾಂತಿ" ಅನ್ನಬೇಡಿ, ಲೆಕ್ಕ ಹೇಳಿ

ಐದು ನಿಮಿಷದ ತಪಾಸಣೆಯಲ್ಲಿ "ತುಂಬಾ" ಎಂಬ ಮಾತಿಗೆ ತೂಕವಿಲ್ಲ. ಅಂಕಿಗೆ ಇದೆ. ಒಂದು ಚೀಟಿಯಲ್ಲಿ ದಿನಕ್ಕೆ ಮೂರು ವಿಷಯ ಬರೆದಿಡಿ: ಎಷ್ಟು ಗಂಟೆ ಹೊಟ್ಟೆ ತೊಳಸಿತು, ಎಷ್ಟು ಸಲ ವಾಂತಿಯಾಯಿತು, ಏನೂ ಬಾರದೆ ಎಷ್ಟು ಸಲ ಬರೀ ಓಕರಿಕೆ ಬಂತು. ವೈದ್ಯರು ಬಳಸುವ 'ಪ್ಯೂಕ್' ಎಂಬ ಮಾಪನ ನಿಂತಿರುವುದು ಈ ಮೂರೇ ಪ್ರಶ್ನೆಗಳ ಮೇಲೆ. 15ಕ್ಕೆ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ ಎಂದು ಲೆಕ್ಕ. ಜೊತೆಗೆ ವಾರಕ್ಕೆರಡು ಸಲ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಬಸುರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೆ, ಅಂದರೆ 50 ಕಿಲೋ ಇದ್ದವರು 47.5ಕ್ಕೆ ಬಂದರೆ, ಅದು ಮನೆಮದ್ದಿನ ಹಂತ ದಾಟಿದೆ ಎಂದೇ ಅರ್ಥ.

ಮೂತ್ರದಲ್ಲಿ ಕೀಟೋನ್ ಇಲ್ಲ, ಆದ್ದರಿಂದ ತೊಂದರೆಯಿಲ್ಲ ಎಂದು ವಾಪಸು ಕಳಿಸುವುದು ಇನ್ನೂ ನಡೆಯುತ್ತದೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2024ರ ತನ್ನ ಮಾರ್ಗಸೂಚಿಯಲ್ಲಿ, ಕಾಯಿಲೆಯ ತೀವ್ರತೆ ಅಳೆಯಲು ಕೀಟೋನ್ ನೆಚ್ಚಬೇಡಿ ಎಂದೇ ಹೇಳಿದೆ. ಚೀಟಿಯನ್ನು ಮುಂದಿಡಿ.

3. ಕಾಲು ನೆಲಕ್ಕೆ ತಾಗುವ ಮುಂಚೆ ಬಾಯಿಗೆ ಏನಾದರೂ

ಖಾಲಿ ಹೊಟ್ಟೆ ವಾಕರಿಕೆಯನ್ನು ಇಮ್ಮಡಿ ಮಾಡುತ್ತದೆ. ತಲೆದಿಂಬಿನ ಪಕ್ಕ ಒಂದು ಡಬ್ಬಿಯಲ್ಲಿ ಅರಳು, ಮಂಡಕ್ಕಿ, ಖಾರಾ ಬಿಸ್ಕತ್ತು, ಯಾವುದು ಒಗ್ಗುತ್ತದೋ ಅದು ಇರಲಿ. ಮಲಗಿದಲ್ಲೇ ನಾಲ್ಕು ಕಾಳು ತಿಂದು, ಕಾಲು ಗಂಟೆ ಬಿಟ್ಟು, ನಿಧಾನ ಏಳಿ. ರಾತ್ರಿ ಎಚ್ಚರವಾದಾಗಲೂ ಅಷ್ಟೇ. ಬ್ರಶ್ ಬಾಯಿಗಿಟ್ಟೊಡನೆ ಓಕರಿಕೆ ಬರುವುದಾದರೆ ಹಲ್ಲುಜ್ಜುವುದನ್ನು ಹತ್ತು ಗಂಟೆಗೆ ತಳ್ಳಿ. ಸ್ನಾನ ಮಾಡದೆ ತಿನ್ನಬಾರದು ಎಂಬ ಮನೆಯ ಮಡಿ ಈ ಎರಡು ತಿಂಗಳು ರಜೆಯ ಮೇಲೆ ಹೋಗಲಿ.

4. ಹೊಟ್ಟೆಯಲ್ಲಿ ನಿಂತದ್ದೇ ಪೌಷ್ಟಿಕ ಆಹಾರ

ಇಬ್ಬರಿಗಾಗಿ ತಿನ್ನು ಎಂಬ ಉಪದೇಶ ಈ ಹೊತ್ತಿಗೆ ಬೇಡ. ಒಂಬತ್ತನೇ ವಾರದ ಭ್ರೂಣ ಬೆರಳಿನ ಒಂದು ಗೆಣ್ಣಿನಷ್ಟಿರುತ್ತದೆ, ಅದಕ್ಕೆ ಬೇಕಾದ್ದನ್ನು ಬಹುಮಟ್ಟಿಗೆ ತಾಯಿಯ ದಾಸ್ತಾನಿನಿಂದಲೇ ಪಡೆಯುತ್ತದೆ. ಹಾಲು, ಸೊಪ್ಪು, ಮೊಟ್ಟೆ ನಾಲ್ಕನೇ ತಿಂಗಳವರೆಗೆ ಕಾಯಬಲ್ಲವು. ಮೊಸರನ್ನ ನಿಂತರೆ ಮೂರು ಹೊತ್ತೂ ಮೊಸರನ್ನ. ತಣ್ಣನೆಯ ಕಲ್ಲಂಗಡಿ, ಉಪ್ಪು ಹಚ್ಚಿದ ಸೌತೆ, ಒಣ ಚಪಾತಿ, ಹುಣಸೆ ಚಿಗಳಿ, ನಿಂಬೆ ಪಾನಕದ ಐಸ್, ಏನಾದರೂ ಸರಿ. ಬಿಸಿ ಆಹಾರಕ್ಕಿಂತ ಆರಿದ ಆಹಾರಕ್ಕೆ ವಾಸನೆ ಕಡಿಮೆ, ಹಾಗಾಗಿ ತಂಗಳು ಇಡ್ಲಿ ಒಗ್ಗಿ ಬಿಸಿ ಇಡ್ಲಿ ಒಗ್ಗದಿದ್ದರೆ ಆಶ್ಚರ್ಯವಿಲ್ಲ. ಹಿಂದಿನ ರಾತ್ರಿಯದನ್ನು ಫ್ರಿಜ್ಜಿನಲ್ಲಿಟ್ಟಿರಬೇಕು, ಅಷ್ಟೇ. ಎರಡು ಗಂಟೆಗೊಮ್ಮೆ ಅಂಗೈಯಷ್ಟು ತಿನ್ನಿ. ನಿನ್ನೆ ಒಗ್ಗಿದ್ದು ಇವತ್ತು ಒಗ್ಗದೆ ಹೋಗಬಹುದು, ಇದನ್ನು ಮನೆಯವರು ಹಟ ಎಂದುಕೊಳ್ಳಬಾರದು.

5. ಊಟ ಬೇರೆ, ನೀರು ಬೇರೆ

ತುತ್ತಿನ ಜೊತೆ ನೀರು ಕುಡಿದರೆ ಹೊಟ್ಟೆ ಬೇಗ ತುಂಬಿ ಉಕ್ಕುತ್ತದೆ. ನಡುವೆ ಅರ್ಧ ಗಂಟೆ ಬಿಡಿ. ಲೋಟ ಎತ್ತಿ ಗಟಗಟ ಕುಡಿಯುವುದು ಬೇಡ, ಐದು ನಿಮಿಷಕ್ಕೊಂದು ಚಮಚ ಸಾಕು. ಬರೀ ನೀರು ಲೋಹದಂತೆ ರುಚಿಸಿದರೆ ಎಳನೀರು, ತಿಳಿ ಮಜ್ಜಿಗೆ, ಗಂಜಿ ತಿಳಿ, ಐಸ್ ಚೂರು.

ಓಆರ್‌ಎಸ್ ಒಳ್ಳೆಯದು, ಆದರೆ ಅಸಲಿಯದ್ದನ್ನೇ ಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಅಂಗಡಿಯ ಡಬ್ಬಿಗಳಲ್ಲಿ ವರ್ಷಗಟ್ಟಲೆ ಮಾರಾಟವಾದ ಬಣ್ಣದ ಸಕ್ಕರೆ ಪಾನೀಯಗಳು ಅದಲ್ಲ. ಅವು ಓಆರ್‌ಎಸ್ ಎಂದು ಹೆಸರು ಹಾಕಿಕೊಳ್ಳದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ತಡೆಯಿತು.

6. ಅಡುಗೆಮನೆಯ ಚಾರ್ಜು ಗಂಡನಿಗೆ

ಬೆಳ್ಳುಳ್ಳಿ, ಇಂಗು, ಕುಕ್ಕರಿನ ಹಬೆ, ಅಗರಬತ್ತಿ, ಸೊಳ್ಳೆ ಬತ್ತಿ, ಗಂಡನ ಸೆಂಟು. ವೈರಿಗಳ ಪಟ್ಟಿ ಮನೆಮನೆಗೆ ಬೇರೆ. ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಅಡುಗೆ ಬರುವುದಿಲ್ಲ ಎನ್ನುವ ಗಂಡ ಅನ್ನ-ಮೊಸರಿನಿಂದ ಶುರು ಮಾಡಬಹುದು, ಇವಳಿಗೆ ಬೇಕಾದ್ದೂ ಅಷ್ಟೇ.

7. ಕಬ್ಬಿಣದ ಮಾತ್ರೆ ಈಗಲೇ ಬೇಕೇ ಎಂದು ಕೇಳಿ

ಕಬ್ಬಿಣ ವಾಕರಿಕೆ ಹೆಚ್ಚಿಸುತ್ತದೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲೂ ಮೊದಲ ಮೂರು ತಿಂಗಳು ಫೋಲಿಕ್ ಆಮ್ಲ ಮಾತ್ರ, ಕಬ್ಬಿಣ ಶುರುವಾಗುವುದು ನಾಲ್ಕನೇ ತಿಂಗಳಿಂದ. ಮೊದಲ ಭೇಟಿಯಲ್ಲೇ ಯಾರಾದರೂ ಕಬ್ಬಿಣ ಸೇರಿದ ಮಾತ್ರೆ ಬರೆದಿದ್ದರೆ, ಮುಂದೂಡಬಹುದೇ ಎಂದು ಕೇಳಿ. ಫೋಲಿಕ್ ಆಮ್ಲ ಬಿಡಬೇಡಿ.

ಸಕ್ಕರೆ ಕಾಯಿಲೆ ಪರೀಕ್ಷೆಗೆ ಕುಡಿಸುವ 75 ಗ್ರಾಂ ಗ್ಲೂಕೋಸ್ ನೀರೂ ಇಂಥದ್ದೇ ಪೇಚು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಮಾಡಬೇಕು. ಆಯಾಗಳಿಗೆ ಹೆದರಿ ಸುಮ್ಮನೆ ಕೂರಬೇಡಿ, ಹೇಳಿ.

8. ಮಾತ್ರೆಗೆ ಹೆದರಿ ಒಣಗಬೇಡಿ

"ಬಸುರಿ ಮಾತ್ರೆ ನುಂಗಬಾರದು" ಎಂಬ ಭಯಕ್ಕೆ ಚರಿತ್ರೆಯಿದೆ. 1950ರ ದಶಕದ ಕೊನೆಯಲ್ಲಿ ಬಸುರಿಯರ ವಾಕರಿಕೆಗೆಂದೂ ಕೊಟ್ಟ ಥಾಲಿಡೋಮೈಡ್‌ನಿಂದ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದವು. ಆ ಭಯ ಮುಂದೆ ನಿರಪರಾಧಿ ಔಷಧಿಯೊಂದರ ಮೇಲೂ ಎರಗಿತು. ಡಾಕ್ಸಿಲಮೀನ್ ಮತ್ತು ಬಿ-6 ವಿಟಮಿನ್ ಬೆರೆತ ಬೆಂಡೆಕ್ಟಿನ್ ಮಾತ್ರೆಯನ್ನು ಅಮೆರಿಕದಲ್ಲಿ ಮೊಕದ್ದಮೆಗಳ ಕಾಟಕ್ಕೆ 1983ರಲ್ಲಿ ಕಂಪನಿ ನಿಲ್ಲಿಸಿತು. ನಿಲ್ಲಿಸಿದ ಮೇಲೆ ಊನ ಮಕ್ಕಳ ಪ್ರಮಾಣ ಇಳಿಯಲಿಲ್ಲ, ವಾಂತಿಗಾಗಿ ಆಸ್ಪತ್ರೆ ಸೇರುವ ಬಸುರಿಯರ ಸಂಖ್ಯೆ ಏರಿತು. ಮೂವತ್ತು ವರ್ಷ ಕಳೆದು 2013ರಲ್ಲಿ ಅದೇ ಜೋಡಿಗೆ ಅಲ್ಲಿ ಮತ್ತೆ ಪರವಾನಗಿ ಸಿಕ್ಕಿತು. ನಮ್ಮ ಔಷಧಿ ಅಂಗಡಿಗಳಲ್ಲೂ ಅದು ಬಹಳ ಕಾಲದಿಂದ ಇದೆ.

ಇದು ನಿಧಾನವಾಗಿ ಕರಗುವ ಮಾತ್ರೆ. ರಾತ್ರಿ ನುಂಗಿದ್ದು ಬೆಳಿಗ್ಗೆ ಕೆಲಸ ಮಾಡುತ್ತದೆ, ವಾಂತಿ ಬಂದ ಮೇಲೆ ನುಂಗಿ ಪ್ರಯೋಜನವಿಲ್ಲ. ಪುಡಿ ಮಾಡಬಾರದು, ಒಂದು ದಿನ ಹಾಯೆನಿಸಿತು ಎಂದು ಬಿಡಬಾರದು. ನಿದ್ದೆ ಬರಿಸುತ್ತದೆ, ಸ್ಕೂಟರ್ ಓಡಿಸಬೇಡಿ. ಇದಕ್ಕೆ ಬಗ್ಗದಿದ್ದರೆ ಆಂಡಾನ್ಸೆಟ್ರಾನ್ ಇದೆ. ಮೊದಲ ತಿಂಗಳುಗಳಲ್ಲಿ ಅದನ್ನು ತೆಗೆದುಕೊಂಡರೆ ಸೀಳುತುಟಿ-ಸೀಳಂಗುಳದ ಅಪಾಯ ಹತ್ತು ಸಾವಿರಕ್ಕೆ ಮೂರರಷ್ಟು ಹೆಚ್ಚಬಹುದು ಎಂಬ ಲೆಕ್ಕವಿದೆ. ಮಲಬದ್ಧತೆಯೂ ಉಂಟು. ಹನಿ ನೀರೂ ನಿಲ್ಲದವಳಿಗೆ ಈ ಸಣ್ಣ ಅಪಾಯ ಒಪ್ಪತಕ್ಕದ್ದೇ ಎಂಬುದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಿ. ಅಂಗಡಿಯವನ ಜೊತೆಯಲ್ಲಲ್ಲ.

9. ಶುಂಠಿಗೆ ಶುಂಠಿಯಷ್ಟೇ ಮರ್ಯಾದೆ

ಹಗುರ ವಾಕರಿಕೆಗೆ ಶುಂಠಿ ಕೆಲಸ ಮಾಡುತ್ತದೆ. ಮಣಿಕಟ್ಟಿನ ಒಳಭಾಗದಲ್ಲಿ ಮೂರು ಬೆರಳು ಕೆಳಗೆ ಒತ್ತಿದರೆ ಕೆಲವರಿಗೆ ಹಾಯೆನಿಸುತ್ತದೆ. ದಿನಕ್ಕೆ ಹತ್ತು ಸಲ ಓಕುವವಳ ಎದೆ ಆಗಲೇ ಉರಿಯುತ್ತಿರುತ್ತದೆ, ಅವಳಿಗೆ ಶುಂಠಿ ಕಷಾಯ ಹಿಂಸೆ. ತಂದುಕೊಡುವವರ ಪ್ರೀತಿ ದೊಡ್ಡದು, ಲೋಟ ಪಕ್ಕಕ್ಕಿಡಿ.

10. ಗ್ಲೂಕೋಸ್ ಬಾಟಲಿಗೆ ಮುಂಚೆ ಬಿ-1

ಎಲ್ಲ ಸೂತ್ರಗಳಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು. ನಮ್ಮ ಊರುಗಳಲ್ಲಿ ಸುಸ್ತು ಎಂದರೆ "ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಸು" ಎನ್ನುವುದು ರೂಢಿ. ಎರಡು-ಮೂರು ವಾರ ಏನೂ ನಿಲ್ಲದ ಬಸುರಿಯಲ್ಲಿ ಥಯಮಿನ್, ಅಂದರೆ ಬಿ-1 ವಿಟಮಿನ್ ದಾಸ್ತಾನು ತಳ ಕಂಡಿರುತ್ತದೆ. ಗ್ಲೂಕೋಸನ್ನು ಅರಗಿಸಲು ದೇಹಕ್ಕೆ ಅದೇ ಬೇಕು. ಅದಿಲ್ಲದೆ ನೇರ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ವೆರ್ನಿಕೆ ಎನ್‌ಸೆಫಲೋಪತಿ ಎಂಬ ಈ ಸ್ಥಿತಿಯಲ್ಲಿ ಕಣ್ಣಿಗೆ ಒಂದು ಎರಡಾಗಿ ಕಾಣುತ್ತದೆ, ನಡಿಗೆ ತೂರಾಡುತ್ತದೆ, ಮಾತು ಗೊಂದಲವಾಗುತ್ತದೆ. ಕೆಲವರಿಗೆ ನೆನಪಿನ ಶಕ್ತಿ ಪೂರ್ತಿ ಮರಳುವುದೇ ಇಲ್ಲ. ತಡೆಯಲು ಬೇಕಾದ್ದು ಅಗ್ಗದ ಒಂದು ಇಂಜೆಕ್ಷನ್. ಆದ್ದರಿಂದ ಮೊದಲು ಥಯಮಿನ್, ಜೊತೆಗೆ ಸಲೈನ್, ರಕ್ತದಲ್ಲಿ ಪೊಟ್ಯಾಸಿಯಂ ನೋಡಿಕೊಂಡು ಅದೂ. "ಡಾಕ್ಟ್ರೇ, ಬಿ-1 ಕೊಟ್ರಾ?" ಎಂದು ಜೊತೆಗೆ ಹೋದವರು ಕೇಳಲೇಬೇಕು. ಕೇಳಿದ್ದಕ್ಕೆ ಸಿಡುಕಿದರೆ ಸಿಡುಕಲಿ.

11. ಇವುಗಳಲ್ಲಿ ಒಂದಾದರೂ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ

ಎಂಟು ಗಂಟೆಯಿಂದ ಮೂತ್ರವಿಲ್ಲ ಅಥವಾ ಅದು ಕಡು ಚಹಾದ ಬಣ್ಣ. ಇಡೀ ದಿನ ಒಂದು ಗುಟುಕೂ ನಿಂತಿಲ್ಲ. ಎದ್ದರೆ ಕಣ್ಣು ಕತ್ತಲೆ. ವಾಂತಿಯಲ್ಲಿ ರಕ್ತ. ಜ್ವರ, ಹೊಟ್ಟೆನೋವು, ಉರಿಮೂತ್ರ. ಮೇಲೆ ಹೇಳಿದ ಕಣ್ಣು, ನಡಿಗೆ, ಮಾತಿನ ಬದಲಾವಣೆ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಜೊತೆಗಿರಲಿ.

ಸಾಮಾನ್ಯವಾಗಿ ಈ ವಾಂತಿ ಐದು-ಆರನೇ ವಾರಕ್ಕೆ ಶುರುವಾಗಿ, ಒಂಬತ್ತು-ಹತ್ತರಲ್ಲಿ ಉಚ್ಛ್ರಾಯಕ್ಕೆ ಹೋಗಿ, ಬಹುಪಾಲು ಹೆಂಗಸರಲ್ಲಿ 16ರಿಂದ 20ರೊಳಗೆ ಇಳಿಯುತ್ತದೆ. ಹತ್ತನೇ ವಾರ ಕಳೆದ ಮೇಲೆ ಹೊಸದಾಗಿ ಶುರುವಾದರೆ ಕಾರಣ ಬೇರೆ ಇರಬಹುದು. ಅವಳಿ ಇದೆಯೇ, ಮುತ್ತುಗರ್ಭವೇ (ಮೋಲಾರ್ ಪ್ರೆಗ್ನೆನ್ಸಿ) ಎಂದು ನೋಡಲು ಸ್ಕ್ಯಾನ್ ಆಗಿರಬೇಕು.

12. ವಾಂತಿಯಾದೊಡನೆ ಹಲ್ಲುಜ್ಜಬೇಡಿ

ಹೊಟ್ಟೆಯ ಆಮ್ಲದಿಂದ ಮೆತ್ತಗಾದ ದಂತಕವಚವನ್ನು ಬ್ರಶ್ ಕೆರೆದುಹಾಕುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಿ. ಬ್ರಶ್ ಒಂದು ಗಂಟೆ ಬಿಟ್ಟು.

13. ರಜೆ ಕೇಳುವುದು ಭಿಕ್ಷೆಯಲ್ಲ

ಹೆರಿಗೆಯ 26 ವಾರಗಳ ರಜೆಯ ಮಾತು ಎಲ್ಲರಿಗೂ ಗೊತ್ತು. ಗರ್ಭದಿಂದ ಬಂದ ಕಾಯಿಲೆಗೆ, ವೈದ್ಯರ ಪತ್ರವಿದ್ದರೆ, ಅದರ ಮೇಲೆ ಇನ್ನೂ ಒಂದು ತಿಂಗಳು ಸಂಬಳ ಸಹಿತ ರಜೆಗೆ ಕಾನೂನಿನಲ್ಲಿ ಅವಕಾಶವಿದೆ ಎಂಬುದು ಕಚೇರಿಗಳ ಸಿಬ್ಬಂದಿ ವಿಭಾಗಕ್ಕೇ ಎಷ್ಟೋ ಸಲ ನೆನಪಿರುವುದಿಲ್ಲ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂಬ ಸಂಪ್ರದಾಯವನ್ನು ಮೇಲಧಿಕಾರಿಯ ವಿಷಯದಲ್ಲಿ ಮುರಿಯಿರಿ. ಗುಟ್ಟು ಕಾಪಾಡಲು ಹೋಗಿ ಕಚೇರಿಯ ಶೌಚಾಲಯದಲ್ಲಿ ದಿನ ಕಳೆಯುವುದಕ್ಕೆ ಅರ್ಥವಿಲ್ಲ.

14. ಅಳು ಬಂದರೆ ಅಳಿ, "ಬೇಡ" ಅನಿಸಿದರೆ ಹೇಳಿ

ವಾರಗಟ್ಟಲೆ ವಾಂತಿ ಮಾಡುತ್ತಿರುವವಳಿಗೆ ಈ ಬಸುರೇ ಬೇಡ ಅನಿಸುವುದುಂಟು. ಅದು ಮಗುವಿನ ಮೇಲಿನ ದ್ವೇಷವಲ್ಲ, ಬಳಲಿಕೆ. ಖಿನ್ನತೆ ಇಲ್ಲಿ ಕಾಯಿಲೆಯ ಫಲವೇ ಹೊರತು ಕಾರಣವಲ್ಲ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

15. ಮುಂದಿನ ಬಸುರಿಗೆ ಈಗಲೇ ಬರೆದಿಡಿ

ಒಮ್ಮೆ ತೀವ್ರವಾಗಿ ಕಾಡಿದ್ದು ಎರಡನೇ ಬಸುರಿನಲ್ಲೂ ಮರಳುವ ಸಂಭವ ಹೆಚ್ಚು. ಯಾವ ಮಾತ್ರೆ ಹಿಡಿಯಿತು, ಎಷ್ಟು ತೂಕ ಇಳಿಯಿತು, ಯಾವ ವಾರ ಡ್ರಿಪ್ ಬೇಕಾಯಿತು, ಎಲ್ಲವನ್ನೂ ತಾಯಿ ಕಾರ್ಡಿನ ಜೊತೆ ಒಂದು ಹಾಳೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ ಮುಟ್ಟು ನಿಂತ ವಾರವೇ ಆ ಹಾಳೆ ಹಿಡಿದು ವೈದ್ಯರ ಬಳಿ ಹೋಗಿ. ವಾಂತಿ ಬರುವ ಮುಂಚೆಯೇ ಮಾತ್ರೆ ಶುರು ಮಾಡಿದವರಲ್ಲಿ ಕಾಯಿಲೆಯ ಆರ್ಭಟ ಕಡಿಮೆ.