ಮೊದಲು ಬಾಗಿಲು, ಆಮೇಲೆ ಬೀಗ

ಶಿವಮೊಗ್ಗದ ನವುಲೆಯ ಕಡೆಯಿಂದ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ನಮೂನೆ: "ಬೀಗದ ಕೈ ಕಳೆದುಹೋಗಿದೆ ಅಣ್ಣ, ಡ್ರಿಲ್ ಮಿಷನ್ ತಗೊಂಡು ಬನ್ನಿ." ಸವಳಂಗ ರಸ್ತೆಯಲ್ಲಿ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು ಎರಡೂ ಇವೆ. ಬಾಡಿಗೆ ಕೋಣೆಗೆ ಹುಡುಗರು ನಾಲ್ವರು, ಬೀಗದ ಕೈ ಎರಡು. ಮರಗೆಲಸದಿಂದ ಬೀಗದ ಕೆಲಸಕ್ಕೆ ಬಂದವನು ನಾನು. ಇಷ್ಟು ವರ್ಷ ಹೆಚ್ಚು ಕಲಿತದ್ದು ಕೆಟ್ಟುಹೋದ ಕೆಲಸಗಳಿಂದಲೇ.

1. ಮನೆ ಯಾರದು ಅಂತ ಮೊದಲು ಕೇಳಿ. ವಿದ್ಯಾರ್ಥಿಯಾದರೆ ಮಾಲೀಕರಿಗೆ ನನ್ನ ಎದುರೇ ಫೋನ್ ಮಾಡಿಸುತ್ತೇನೆ. ಒಮ್ಮೆ ಒಬ್ಬರು ಮೆಸ್ಕಾಂ ಬಿಲ್ ತೋರಿಸಿದರು, ಹೆಸರೂ ಸರಿಯಿತ್ತು. ಬೀಗದ ಸಿಲಿಂಡರ್, ಅಂದರೆ ಕೈ ತೂರಿಸುವ ಭಾಗ, ಬದಲಿಸಿ ಕೊಟ್ಟು ಬಂದೆ. ಸಂಜೆ ಅವರ ತಮ್ಮ, ಹೆಂಡತಿ ಮಕ್ಕಳ ಸಮೇತ ಊರಿಂದ ಬಂದು ಅದೇ ಬಾಗಿಲ ಮುಂದೆ ನಿಂತಿದ್ದರು. ಪಾಲಿನ ಜಗಳ ಅಂತ ನನಗೇನು ಗೊತ್ತು? ಈಗ ಪಕ್ಕದ ಮನೆಯವರನ್ನೂ ಕರೆಯುತ್ತೇನೆ.

2. ಆಷಾಢದಲ್ಲಿ ಬೀಗಕ್ಕಿಂತ ಮರದ ಮೇಲೆ ಅನುಮಾನಪಡಿ. ಮಳೆಗೆ ಬಾಗಿಲು ಊದಿಕೊಂಡು ಅಗುಳಿ ಚೌಕಟ್ಟಿನ ತಗಡಿಗೆ ಒತ್ತುತ್ತದೆ. ಕೈ ಇದ್ದರೂ ತಿರುಗುವುದಿಲ್ಲ. ಬಾಗಿಲನ್ನು ಮೊಣಕಾಲಿನಿಂದ ಒತ್ತಿಯೋ ಹಿಡಿ ಹಿಡಿದು ಎಳೆದೋ ತಿರುಗಿಸಿ ನೋಡಿ. ಹಾಗೆ ತೆರೆದ ಬಾಗಿಲುಗಳಿಗೆ ನಾನು ಬರಿ ಪೆಟ್ರೋಲ್ ದುಡ್ಡು ತಗೊಂಡದ್ದಿದೆ. ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಸಾಕು.

3. ಸ್ಕ್ರೂ ಬಿಚ್ಚಿದ ಮಾತ್ರಕ್ಕೆ ಸಿಲಿಂಡರ್ ಬರುವುದಿಲ್ಲ. ಎಲ್ಲರೂ ಸೋಲುವುದು ಇಲ್ಲೇ. ಬಾಗಿಲು ತೆರೆದೇ ಇದೆ, ಕೈ ಮಾತ್ರ ಇಲ್ಲ ಅಂದುಕೊಳ್ಳಿ. ಬಾಗಿಲ ದಪ್ಪದ ಅಂಚಿನಲ್ಲಿ, ಸಿಲಿಂಡರಿನ ನೇರಕ್ಕೆ ಒಂದು ಉದ್ದ ಸ್ಕ್ರೂ ಇರುತ್ತದೆ. ಅದರ ತಲೆಯ ಗೀರಿಗೆ ಬಣ್ಣ ತುಂಬಿದ್ದರೆ ಮೊದಲು ಬ್ಲೇಡಿನಿಂದ ಕೆರೆಯಿರಿ, ಇಲ್ಲವೆಂದರೆ ಗೀರು ಸವೆದು ಕೆಲಸ ಎರಡಾಗುತ್ತದೆ. ಸ್ಕ್ರೂ ಬಂದ ಮೇಲೂ ಸಿಲಿಂಡರ್ ಅಲ್ಲಾಡುತ್ತದೆಯೇ ಹೊರತು ಹೊರಗೆ ಬರದು. ನಡುವೆ ಇರುವ ನಾಲಿಗೆ, ಕೈ ತೆಗೆದ ಸ್ಥಿತಿಯಲ್ಲಿ ಸ್ವಲ್ಪ ಓರೆಯಾಗಿ ನಿಂತು ಬೀಗದ ಪೆಟ್ಟಿಗೆಗೆ ಸಿಕ್ಕಿಕೊಂಡಿರುತ್ತದೆ. ಕಳ್ಳನಿಗಾಗಿಯೇ ಆ ಏರ್ಪಾಡು. ಒಳಗಡೆ ತಿರುಪುವ ಗುಂಡಿ ಇದ್ದರೆ ನೀವು ಬಚಾವ್: ಅದನ್ನು ಚೂರುಚೂರೇ ತಿರುಗಿಸುತ್ತ ಸಿಲಿಂಡರನ್ನು ಮೆಲ್ಲಗೆ ಎಳೆಯಿರಿ, ನಾಲಿಗೆ ಒಂದು ಕಡೆ ನೇರಕ್ಕೆ ಬಂದೇ ಬರುತ್ತದೆ. ಸುತ್ತಿಗೆಯಲ್ಲಿ ಬಡಿದು ತೆಗೆಯಲು ಹೋದವರ ತೇಗದ ಬಾಗಿಲು ಸೀಳಿದ್ದನ್ನು ನೋಡಿದ್ದೇನೆ.

4. ಎರಡೂ ಕಡೆ ಕೈ ಹಾಕುವ ಸಿಲಿಂಡರಾದರೆ ಡ್ರಿಲ್ಲೇ ಗತಿ. ಹಿತ್ತಾಳೆ ಮೆತ್ತಗಿನ ಲೋಹ, ಅವಸರ ಬೇಡ. ತಿರುಗುವ ಗುಂಡನೆಯ ಭಾಗ ಕೆಳಗಿನ ಕಾಲಿಗೆ ಸೇರುವಲ್ಲಿ ಪಂಚಿನಿಂದ ಗುರುತು ಮಾಡಿ, 3 ಮಿಮೀ ಬಿಟ್ಟಿನಿಂದ ಶುರುಮಾಡಿ, ಆಮೇಲೆ 6. ಒಳಗಿನ ಐದಾರು ಪಿನ್ನುಗಳು ಒಂದೊಂದಾಗಿ ಮುರಿಯುವುದು ಕೈಗೇ ತಿಳಿಯುತ್ತದೆ. ಆಮೇಲೆ ಸ್ಕ್ರೂಡ್ರೈವರ್ ತಿರುಗಿದರೆ ನಾಲಿಗೆಯೂ ತಿರುಗುತ್ತದೆ. ಹಿತ್ತಾಳೆ ಪುಡಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಸೈಕಲ್ ಪಂಪಿನಿಂದ ಊದಿ ತೆಗೆಯುತ್ತೇನೆ.

5. ಹಳೇ ಸಿಲಿಂಡರನ್ನು ಜೇಬಿಗೆ ಹಾಕಿಕೊಂಡೇ ಗಾಂಧಿ ಬಜಾರಿಗೆ ಹೋಗಿ. ಒಟ್ಟು 60 ಅಥವಾ 70 ಮಿಮೀ ಅಂದರೆ ಸಾಲದು. ಸ್ಕ್ರೂ ತೂತಿನಿಂದ ಎರಡೂ ಕಡೆಗೆ ಬೇರೆ ಬೇರೆ ಅಳತೆ ಬೇಕು. 30-30 ಇದ್ದಲ್ಲಿ 30-40 ತಂದು ಕೂರಿಸಿದರೆ ಹೊರಗೆ ಮೂಗಿನ ಹಾಗೆ ಚಾಚಿಕೊಳ್ಳುತ್ತದೆ. ಸ್ಕ್ರೂ ತೂತಿರುವ ನಡುಭಾಗವೇ ಸಿಲಿಂಡರಿನ ಅತಿ ತೆಳು ಜಾಗ. ಚಾಚಿದ ಮೂಗನ್ನು ಇಕ್ಕಳದಲ್ಲಿ ಹಿಡಿದು ತಿರುಚಿದರೆ ಅಲ್ಲೇ ಮುರಿಯುತ್ತದೆ.

6. ಹೊಸದನ್ನು ಬಾಗಿಲು ತೆರೆದಿಟ್ಟೇ ಪರೀಕ್ಷಿಸಿ. ಒಂದು ಸಲ ಸ್ಕ್ರೂ ಅತಿ ಬಿಗಿಮಾಡಿ, ಹೆಮ್ಮೆಯಿಂದ ಬಾಗಿಲು ಹಾಕಿ ತೋರಿಸಿದೆ. ನಾನೂ ಮನೆಯವರೂ ಹೊರಗೆ, ಸಲಕರಣೆ ಚೀಲ ಒಳಗೆ.

7. ಭದ್ರಾವತಿಗೆ ಹೋಗುವಾಗ ಸಿಲಿಂಡರ್ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. 1923ರಿಂದ ಕಬ್ಬಿಣ ಕರಗಿಸಿದ ಊರು ಅದು. ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಒಂದರಲ್ಲಿ ಬಾಗಿಲ ಒಳಮೈಗೆ ಕೂರಿಸಿದ ಲಿವರ್ ಬೀಗ ಕಂಡಿತು, ಡ್ರಿಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಹಿಂಬಾಗಿಲಿಂದ ಒಳಗೆ ಹೋಗಿ ನಾಲ್ಕು ಸ್ಕ್ರೂ ಬಿಚ್ಚಿ ಪೆಟ್ಟಿಗೆ ಇಳಿಸಿದೆ, ಒಳಗಿನ ಲಿವರ್ ನೋಡಿ ಹೊಸ ಕೈ ಅರದಲ್ಲಿ ಉಜ್ಜಿ ಮಾಡಿಕೊಟ್ಟೆ. ನಿವೃತ್ತ ಯಜಮಾನರು ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿ, "ಕಬ್ಬಿಣ ಎಲ್ಲೀದು?" ಅಂತ ಕೇಳಿದರು.

8. ಮುರಿದ ಸಿಲಿಂಡರನ್ನು ಮನೆಯವರ ಕೈಗೇ ಕೊಡಿ. ಒಬ್ಬ ಅಜ್ಜಿ ಅದನ್ನು ಇಟ್ಟುಕೊಂಡಿದ್ದರು. ಎಂಟು ದಿನದ ಮೇಲೆ ಫೋನ್ ಮಾಡಿದರು: "ರೇನ್‌ಕೋಟಿನ ಜೇಬಲ್ಲಿ ಕೈ ಸಿಕ್ತು ಮಗಾ. ಹಳೇದನ್ನೇ ವಾಪಸ್ ಹಾಕಿಕೊಡ್ತೀಯಾ?"